ಚರ್ಮದಡಿಯ ಗಂಟು: ಅಂಜಿಕೆಯೂ ಬೇಡ, ಅಲಕ್ಷ್ಯವೂ ಬೇಡ

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಅವನ ಎಡ ಹೆಗಲ ಹಿಂಭಾಗದಲ್ಲಿ ಎರಡು ವರ್ಷದ ಹಿಂದೆ ಅಡಕೆಯಷ್ಟಿದ್ದ ಗಂಟು ಈಗ ಸಣ್ಣ ನಿಂಬೆಹಣ್ಣಿನಷ್ಟಾಗಿದೆ. ನೋವಿಲ್ಲ. ಆದರೆ ಸ್ನೇಹಿತರು ನೋಡಿಯಾರೆಂದು ಕಬಡ್ಡಿ ಆಡುವುದನ್ನೇ ಬಿಟ್ಟಿದ್ದಾನೆ. ಮೊಬೈಲಿನಲ್ಲಿ ಏನೇನೋ ಓದಿ, ಕ್ಯಾನ್ಸರ್ ಇರಬಹುದೆಂದು ಹೆದರಿ ರಾತ್ರಿ ನಿದ್ದೆ ಮಾಡುತ್ತಿಲ್ಲ. ನಮ್ಮ ಅತ್ತೆಯವರು ಸುಣ್ಣ, ಬೆಲ್ಲ ಕಲಸಿ ಪಟ್ಟು ಹಾಕು ಎನ್ನುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಸುಮ್ಮನಿರಬಹುದೆ?
– ಒಬ್ಬ ತಾಯಿ, ವಿದ್ಯಾರಣ್ಯಪುರಂ, ಮೈಸೂರು

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ. ವೈದ್ಯರಿಗೆ ತೋರಿಸುವುದಕ್ಕೆ ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ; ಈ ವಾರವೇ ತೋರಿಸಿ. ಗಂಟನ್ನು ತೆಗೆಸುವುದಾದರೆ ಅದಕ್ಕೆ ಮಾತ್ರ ಪರೀಕ್ಷೆ ಮುಗಿಯುವವರೆಗೆ ಕಾಯಬಹುದು. ಇವೆರಡೂ ಬೇರೆ ಬೇರೆ ವಿಷಯಗಳು. ನಿಮ್ಮ ಮಗನಿಗೆ ಈಗ ಬೇಕಾಗಿರುವುದು ಶಸ್ತ್ರಚಿಕಿತ್ಸೆಯಲ್ಲ, ಅದು ಏನೆಂಬ ಖಚಿತ ಮಾತು. ಅದು ಸಿಕ್ಕರೆ ನಿದ್ದೆಯೂ ಬರುತ್ತದೆ, ಓದೂ ಸಾಗುತ್ತದೆ.

ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ಕೊಬ್ಬಿನ ಗಂಟು ಇರಬಹುದು. ವೈದ್ಯರು ಇದನ್ನು ಲೈಪೋಮ ಎನ್ನುತ್ತಾರೆ. ನಮ್ಮೆಲ್ಲರ ಚರ್ಮದ ಕೆಳಗೆ ಕೊಬ್ಬಿನ ಪದರವೊಂದಿದೆ. ಅದರ ಒಂದು ಭಾಗದ ಜೀವಕೋಶಗಳು ಹೆಚ್ಚಾಗಿ ಬೆಳೆದು, ತೆಳುವಾದ ಪೊರೆಯೊಳಗೆ ಗುಂಪುಗೂಡಿದರೆ ಅದೇ ಲೈಪೋಮ. ಕುತ್ತಿಗೆ, ಹೆಗಲು, ಬೆನ್ನು, ತೋಳು, ತೊಡೆಗಳಲ್ಲಿ ಇದು ಹೆಚ್ಚು. ಏಕೆ ಬರುತ್ತದೆಂಬುದು ಬಹುಮಟ್ಟಿಗೆ ತಿಳಿದಿಲ್ಲ. ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಮೈತುಂಬ ಹಲವು ಗಂಟುಗಳು ಕಾಣಿಸಿಕೊಳ್ಳುವುದುಂಟು. ನಿಮ್ಮ ಮನೆಯಲ್ಲಿ ತಂದೆಗೋ ಸೋದರಮಾವನಿಗೋ ಇಂಥ ಗಂಟುಗಳಿದ್ದರೆ ವೈದ್ಯರಿಗೆ ಹೇಳಿ.

ತುಪ್ಪ, ಎಣ್ಣೆ ಹೆಚ್ಚು ತಿಂದದ್ದರಿಂದ ಇದು ಬಂತೆನ್ನುವುದು ತಪ್ಪು ತಿಳಿವಳಿಕೆ. ತೆಳ್ಳಗಿರುವವರಿಗೂ ಇದು ಬರುತ್ತದೆ. ಊಟ ಬಿಟ್ಟರೆ, ಓಡಿದರೆ ಮೈಯ ಕೊಬ್ಬು ಕರಗೀತೇ ಹೊರತು ಈ ಗಂಟು ಕರಗುವುದಿಲ್ಲ. ಇದು ಅಂಟುರೋಗವೂ ಅಲ್ಲ. ಅವನ ಗೆಳೆಯರು ಧೈರ್ಯವಾಗಿ ಅವನೊಡನೆ ಕಬಡ್ಡಿ ಆಡಬಹುದು.

ಇನ್ನು ಕ್ಯಾನ್ಸರಿನ ಭಯ. ಕನ್ನಡದ ವೈದ್ಯ ಲೇಖಕರು ಕ್ಯಾನ್ಸರನ್ನು ‘ಏಡಿಗಂತಿ’ ಎಂದು ಕರೆದರು. ಗಂತಿಗಳೆಲ್ಲ ಏಡಿಗಂತಿಗಳಲ್ಲ ಎಂಬುದನ್ನು ನೆನಪಿಡಿ. ಏಡಿಗಂತಿ ಸುತ್ತಲಿನ ಅಂಗಾಂಶಗಳೊಳಗೆ ನುಗ್ಗುತ್ತದೆ, ದೂರದ ಅಂಗಗಳಿಗೂ ಹರಡುತ್ತದೆ. ಲೈಪೋಮ ತನ್ನ ಪೊರೆಯೊಳಗೇ ನಿಧಾನವಾಗಿ ಬೆಳೆಯುತ್ತದೆ, ಎಲ್ಲಿಗೂ ಹರಡುವುದಿಲ್ಲ. ಅದು ಮುಂದೆ ಕ್ಯಾನ್ಸರ್ ಆಗಿ ಮಾರ್ಪಡುವುದು ತೀರ ತೀರ ಅಪರೂಪ.

ಹಾಗಾದರೆ ತೋರಿಸುವುದಾದರೂ ಏಕೆ? ಗಂಟುಗಳಲ್ಲಿ ನಾನಾ ಬಗೆ ಇರುವುದರಿಂದ. ಅಲ್ಲದೆ ಲೈಪೋಮ ಹೆಚ್ಚಾಗಿ ಕಾಣುವುದು 40ರಿಂದ 60ರ ವಯಸ್ಸಿನಲ್ಲಿ. ಹದಿನೇಳರ ಹುಡುಗನಲ್ಲಿ ಅದು ಇರಬಾರದೆಂದೇನೂ ಇಲ್ಲ, ಆದರೆ ವೈದ್ಯರ ಬೆರಳು ಮುಟ್ಟಿ ನೋಡದೆ ಪತ್ರದಲ್ಲಿ ತೀರ್ಪು ಕೊಡುವುದು ಸರಿಯಲ್ಲ. ಲೈಪೋಮ ಮೆತ್ತಗಿರುತ್ತದೆ, ಅಂಚನ್ನು ಒತ್ತಿದರೆ ಬೆರಳಿನಡಿಯಿಂದ ಜಾರುತ್ತದೆ. ಗಂಟಿನ ನಡುವೆ ಕಪ್ಪು ಚುಕ್ಕಿಯಂಥ ರಂಧ್ರವಿದ್ದು, ಆಗಾಗ ಊದಿಕೊಂಡು ದುರ್ವಾಸನೆಯ ಗಂಜಿಯಂಥ ದ್ರವ ಬಂದರೆ ಅದು ಚರ್ಮದ ಚೀಲ, ಕೊಬ್ಬಿನ ಗಂಟಲ್ಲ. ಕೆಂಪಾಗಿ, ಬಿಸಿಯಾಗಿ, ನೋಯುತ್ತಿದ್ದರೆ ಕುರುವಿರಬಹುದು.

ವಿದ್ಯಾರ್ಥಿಗಳ ತಂದೆತಾಯಂದಿರು ಕುತ್ತಿಗೆಯ ಗಂಟುಗಳ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕುತ್ತಿಗೆಯ ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡ ಗಂಟುಗಳು, ಜೊತೆಗೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇದ್ದರೆ ಅದು ದುಗ್ಧಗ್ರಂಥಿಗಳ ಕ್ಷಯವಾಗಿರಬಹುದು. ನಮ್ಮ ದೇಶದಲ್ಲಿ ಇದು ಅಪರೂಪವೇನಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ. ‘ಬರೀ ಕೊಬ್ಬಿನ ಗಂಟು’ ಎಂದು ತಾವೇ ತೀರ್ಮಾನಿಸಿ ಇಂಥದನ್ನು ತಿಂಗಳುಗಟ್ಟಲೆ ಬಿಟ್ಟರೆ ನಷ್ಟ ದೊಡ್ಡದು. ಹಾಗೆಯೇ ಹೆಣ್ಣುಮಕ್ಕಳು ಸ್ತನದಲ್ಲಿ ಗಂಟು ಕಂಡಾಗ ನಾಚಿಕೆಯಿಂದ ಮುಚ್ಚಿಡಬಾರದು. ಆ ವಯಸ್ಸಿನಲ್ಲಿ ಅದು ಸಾಮಾನ್ಯವಾಗಿ ನಿರಪಾಯಕಾರಿಯೇ; ಆದರೂ ತಾಯಿಗೆ ಹೇಳಿ, ವೈದ್ಯರಿಗೆ ತೋರಿಸಬೇಕು.

ಇನ್ನೂ ಕೆಲವು ಲಕ್ಷಣಗಳಿದ್ದರೆ ತಡಮಾಡಬಾರದು. ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಾಗಿರುವುದು, ವಾರಗಳಲ್ಲೇ ಬೇಗಬೇಗ ಬೆಳೆಯುವುದು, ಗಟ್ಟಿಯಾಗಿರುವುದು, ಮಾಂಸಖಂಡಕ್ಕೆ ಅಂಟಿಕೊಂಡು ಅಲುಗಾಡದಿರುವುದು, ಹೊಸದಾಗಿ ನೋವು ಶುರುವಾಗುವುದು, ಒಮ್ಮೆ ತೆಗೆದದ್ದು ಮತ್ತೆ ಬರುವುದು – ಇವು ಎಚ್ಚರಿಕೆಯ ಗಂಟೆಗಳು. ಇವುಗಳಲ್ಲಿ ಯಾವುದೇ ಒಂದಿದ್ದರೂ ಅದು ಕ್ಯಾನ್ಸರೇ ಎಂದು ಅರ್ಥವಲ್ಲ; ಪೂರ್ಣ ತಪಾಸಣೆ ಆಗಲೇಬೇಕೆಂದು ಅರ್ಥ. ಹಸುಗೂಸಿನ ಸೊಂಟದ ನಟ್ಟನಡುವೆ, ಬೆನ್ನುಮೂಳೆಯ ಮೇಲೆ ಮೆತ್ತನೆ ಗಂಟಿದ್ದರೆ ಅದಕ್ಕೂ ಬೆನ್ನುಹುರಿಗೂ ಸಂಬಂಧವಿರಬಹುದಾದ್ದರಿಂದ ಅದನ್ನೂ ಕೂಡಲೇ ತೋರಿಸಬೇಕು.

ಹೆಚ್ಚಿನ ಸಂದರ್ಭಗಳಲ್ಲಿ ವೈದ್ಯರು ಕೈಯಿಂದ ಮುಟ್ಟಿ ನೋಡಿಯೇ ಲೈಪೋಮವನ್ನು ಗುರುತಿಸುತ್ತಾರೆ. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಅಗತ್ಯಬಿದ್ದರೆ ತೆಳು ಸೂಜಿಯಿಂದ ಕೆಲವು ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಇದೆ. ಆಳದ ದೊಡ್ಡ ಗಂಟುಗಳಿಗೆ ಎಂಆರ್‌ಐ ಬೇಕಾಗಬಹುದು. ನೀವು ಮೈಸೂರಿನಲ್ಲೇ ಇದ್ದೀರಿ. 1924ರಲ್ಲಿ ಸ್ಥಾಪನೆಯಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ ತೋರಿಸಬಹುದು. ಇಲ್ಲವೆ ನಿಮ್ಮ ಬಡಾವಣೆಯ ವೈದ್ಯರಿಗೆ ಮೊದಲು ತೋರಿಸಿ ಅವರ ಸಲಹೆಯಂತೆ ನಡೆಯಿರಿ.

ಲೈಪೋಮ ಎಂದು ಖಚಿತವಾದರೆ ಚಿಕಿತ್ಸೆ ಕಡ್ಡಾಯವಲ್ಲ. ನೋವು ಕೊಡುತ್ತಿದ್ದರೆ, ಬೆಳೆಯುತ್ತಿದ್ದರೆ, ಬ್ಯಾಗಿನ ಪಟ್ಟಿ ಉಜ್ಜಿ ತೊಂದರೆಯಾಗುತ್ತಿದ್ದರೆ ಅಥವಾ ನೋಟಕ್ಕೆ ಮುಜುಗರವೆನಿಸಿದರೆ ತೆಗೆಸಬಹುದು. ಹದಿಹರೆಯದವರ ಮುಜುಗರವೂ ಒಂದು ಕಾರಣವೇ; ‘ಗಂಡುಹುಡುಗನಿಗೆ ಎಂಥ ನಾಚಿಕೆ’ ಎಂದು ತಳ್ಳಿಹಾಕಬೇಡಿ. ಸಣ್ಣ ಗಂಟಾದರೆ ಆ ಜಾಗಕ್ಕೆ ಮಾತ್ರ ಅರಿವಳಿಕೆ ಚುಚ್ಚುಮದ್ದು ಕೊಟ್ಟು, ಚರ್ಮವನ್ನು ಕೊಯ್ದು, ಪೊರೆಸಮೇತ ಗಂಟನ್ನು ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಪೊರೆಸಮೇತ ಪೂರ್ತಿ ತೆಗೆದರೆ ಮತ್ತೆ ಬರುವ ಸಂಭವ ಕಡಿಮೆ. ತೆಗೆದ ಗಂಟನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವಂತೆ ಕೇಳಿ. ಆ ವರದಿಯಿಂದ ಅನುಮಾನ ಪೂರ್ತಿ ಬಗೆಹರಿಯುತ್ತದೆ. ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ವಿಧಾನವೂ ಇದೆ. ಅದರಲ್ಲಿ ಗಾಯದ ಗುರುತು ಚಿಕ್ಕದು, ಆದರೆ ಪೊರೆ ಉಳಿದುಕೊಂಡರೆ ಗಂಟು ಮರಳಬಹುದು.

ಎರಡು ಮಾತು ಮೊದಲೇ ತಿಳಿದಿರಲಿ. ಹೆಗಲು, ಮೇಲ್ಬೆನ್ನಿನ ಗಾಯದ ಕಲೆ ಕೆಲವರಲ್ಲಿ ದಪ್ಪಗೆ ಉಬ್ಬಿಕೊಳ್ಳುತ್ತದೆ. ಈ ಬಗ್ಗೆ ವೈದ್ಯರೊಡನೆ ಮಾತಾಡಿ. ಇನ್ನೊಂದು, ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು 10ರಿಂದ 14 ದಿನ, ಭಾರದ ಬ್ಯಾಗು, ಕಬಡ್ಡಿ ಎರಡೂ ಬೇಡ. ಪರೀಕ್ಷೆಯ ನಂತರ ಮಾಡಿಸಿದರೆ ಅನುಕೂಲ ಎನ್ನುವುದು ಇದಕ್ಕಾಗಿಯೇ.

ನಿಮ್ಮ ಅತ್ತೆಯವರ ಕಾಳಜಿ ದೊಡ್ಡದು. ಆದರೆ ಸುಣ್ಣ ಚರ್ಮವನ್ನು ಸುಡುತ್ತದೆ. ಗಂಟನ್ನು ತಲುಪುವುದೇ ಇಲ್ಲ. ಬರೆ ಹಾಕುವುದು, ಸೂಜಿಯಿಂದ ಚುಚ್ಚುವುದು, ಹಿಸುಕುವುದು, ದಾರ ಬಿಗಿಯುವುದು ಇವೆಲ್ಲ ನಂಜಿಗೆ ದಾರಿ. ಅವರಿಗೆ ಇದನ್ನು ಮೆಲ್ಲಗೆ ತಿಳಿಸಿಹೇಳಿ.

ಮಗನನ್ನು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರೊಡನೆ ಅವನೇ ಮಾತಾಡಲಿ. ಮೊಬೈಲಿನಲ್ಲಿ ಓದಿ ಮನಸ್ಸಿನಲ್ಲಿಟ್ಟುಕೊಂಡಿರುವ ಭಯಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಒಂದೊಂದಾಗಿ ಕೇಳಲಿ. ಎರಡು ವರ್ಷ ಅವನು ಒಬ್ಬನೇ ಹೊತ್ತ ಭಾರ ಆ ಗಂಟಿನ ತೂಕಕ್ಕಿಂತ ಬಹಳ ಹೆಚ್ಚಿನದು. ಅದನ್ನು ಇಳಿಸಲು ಶಸ್ತ್ರಚಿಕಿತ್ಸೆ ಬೇಕಿಲ್ಲ; ಅವನ ಮಾತನ್ನು ಸಮಾಧಾನದಿಂದ ಕೇಳುವವರು ಬೇಕು.