ದಂಡ ಬಲವಂತಕ್ಕಿರಲಿ, ಬಾಲಕಿಗಲ್ಲ

ಮುಖ ಮುಚ್ಚುವ ವಸ್ತ್ರವನ್ನೂ ಧಾರ್ಮಿಕ ಉಡುಪನ್ನೂ ನಿಷೇಧಿಸಬೇಕೆಂಬ ವಾದ ಹೊಸದಲ್ಲ. ಫ್ರಾನ್ಸ್ 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನೂ 2010ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದನ್ನೂ ನಿಷೇಧಿಸಿತು. ಸ್ವಿಟ್ಜರ್ಲೆಂಡಿನ ಮತದಾರರು 2021ರಲ್ಲಿ ಮುಖಗವಸಿನ ನಿಷೇಧವನ್ನು ಅಲ್ಪ ಬಹುಮತದಿಂದ ಒಪ್ಪಿದರು. ಕಾನೂನು 2025ರ ಜನವರಿ 1ರಂದು ಜಾರಿಗೆ ಬಂತು. ನಮ್ಮಲ್ಲಿ ಈ ವಾದ 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ ಹೊರಟು ಕೆಲವೇ ವಾರಗಳಲ್ಲಿ ರಾಜ್ಯವನ್ನೆಲ್ಲ ಆವರಿಸಿತು.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಕರ್ನಾಟಕದ ವಿವಾದ ಮುಖಗವಸಿನದಲ್ಲ, ತಲೆಯ ಮೇಲಿನ ವಸ್ತ್ರದ್ದು. 2022ರ ಫೆಬ್ರುವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟಿನ ತ್ರಿಸದಸ್ಯ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ಹೇಳಿ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಹೇಮಂತ್ ಗುಪ್ತಾ ಮತ್ತು ಸುಧಾಂಶು ಧುಲಿಯಾ ಭಿನ್ನ ತೀರ್ಪು ನೀಡಿದರು.

ನಿಷೇಧದ ಪರವಾಗಿರುವವರ ವಾದಗಳಲ್ಲಿ ನಾನು ಗಂಭೀರವಾಗಿ ಪರಿಗಣಿಸುವುದು ಒಂದನ್ನು: ಈ ವಸ್ತ್ರ ಹೆಣ್ಣುಮಕ್ಕಳ ಮೇಲೆ ಮನೆಯವರು, ಸಮುದಾಯದವರು ಹೇರಿದ ಬಂಧನ, ಅದನ್ನು ಕಳಚುವುದೇ ವಿಮೋಚನೆ. ಹೆಣ್ಣಿನ ಮೇಲೆ ಯಾರೇ ಹೇರುವ ಯಾವುದೇ ಮುಸುಕಿನ ಅಭಿಮಾನಿ ನಾನಲ್ಲ. ಬಲವಂತ ಇಲ್ಲವೇ ಇಲ್ಲವೆಂದು ಸಾಧಿಸುವವರ ಜೊತೆಗೂ ನಿಲ್ಲಲಾರೆ. ಆದರೆ ಬಲವಂತವನ್ನು ಕಾನೂನು ಹೇಗೆ ಎದುರಿಸಬೇಕು ಎಂಬುದಕ್ಕೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯೇ ಒಂದು ಪಾಠ ಹೇಳುತ್ತದೆ.

ಈ ಬಯಲಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅದು ಇನ್ನೂ ಪೂರ್ತಿ ಅಳಿದಿಲ್ಲ. ಇದಕ್ಕೂ ದೈವದ ಹೆಸರಿದೆ, ಹಿರಿಯರ ಅಪ್ಪಣೆಯಿದೆ, ಎಷ್ಟೋ ಹೆಂಗಸರ ಪ್ರಾಮಾಣಿಕ ನಂಬಿಕೆಯೂ ಇದೆ. ರಾಜ್ಯದ ಶಾಸನಸಭೆ ಇದಕ್ಕೆ ಏನು ಮಾಡಿತು? 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನೆ ಕಾಯ್ದೆಯಲ್ಲಿ, ಮುಟ್ಟಾದ ಅಥವಾ ಗರ್ಭಿಣಿ ಹೆಂಗಸನ್ನು ಬಲವಂತದಿಂದ ಪ್ರತ್ಯೇಕವಾಗಿರಿಸುವುದನ್ನು ಅಪರಾಧವೆಂದು ಸಾರಿತು. ಅಪರಾಧಿ ಹೊರಗಿಟ್ಟವನೇ ಹೊರತು ಹೊರಗೆ ಕುಳಿತವಳಲ್ಲ. ಆಕೆಯ ಮಗಳಿಗೆ, 'ನಿಮ್ಮ ಹಟ್ಟಿ ಈ ಪದ್ಧತಿ ಬಿಡುವತನಕ ಶಾಲೆಗೆ ಬರಬೇಡ' ಎಂದು ಕಾನೂನು ಹೇಳಲಿಲ್ಲ. ಹೇಳಿದ್ದರೆ ಪದ್ಧತಿ ಉಳಿಯುತ್ತಿತ್ತು, ಶಾಲೆ ಮಾತ್ರ ತಪ್ಪುತ್ತಿತ್ತು.

ಎರಡು ಆಚರಣೆಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ಹೆಣ್ಣನ್ನು ಊರಾಚೆಗೆ ತಳ್ಳುವಂಥದ್ದು. ಇನ್ನೊಂದನ್ನು ಧರಿಸಿದವಳು ಊರೊಳಗೆ, ತರಗತಿಯೊಳಗೆ ಬರಬಯಸಿದವಳು. ಹೀಗಿದ್ದೂ ಕಾನೂನಿನ ಬಿಗಿ ಎರಡನೆಯವಳ ಮೇಲೆಯೇ ಬಿದ್ದದ್ದು ವಿಚಿತ್ರ. ಆಕೆ ಬಲವಂತಕ್ಕೆ ಒಳಗಾದವಳಾದರೆ, ಬಲವಂತ ಮಾಡಿದವರು ನಿಶ್ಚಿಂತರಾಗಿ ಮನೆಯಲ್ಲಿದ್ದರು, ಆಕೆ ಗೇಟಿನಾಚೆ ನಿಂತಳು. ಸ್ವಂತ ನಂಬಿಕೆಯಿಂದ ಧರಿಸಿದವಳಾದರೆ, ವಿಮೋಚನೆಯ ಮಾತೇ ಅಲ್ಲಿ ಅನ್ವಯಿಸದು. ಎರಡೂ ಸಂದರ್ಭಗಳಲ್ಲಿ ಕಳೆದುಕೊಂಡವಳು ಒಬ್ಬಳೇ. 2022ರಲ್ಲಿ ಪರೀಕ್ಷೆ ಬರೆಯದೆ ಹಿಂತಿರುಗಿದ ವಿದ್ಯಾರ್ಥಿನಿಯರಿಗೆ ಯಾವ ವಿಮೋಚನೆ ದಕ್ಕಿತು?

ಸಮವಸ್ತ್ರವೆಂದರೆ ಸಮಾನತೆ ಎಂಬ ಆಕ್ಷೇಪ ಉಳಿಯುತ್ತದೆ. ಬಡವ ಬಲ್ಲಿದರ ಅಂತರ ಬೆಂಚಿನ ಮೇಲೆ ಕಾಣದಿರಲೆಂದು ಸಮವಸ್ತ್ರ ಬಂತು. ಅದು ಒಳ್ಳೆಯ ಉದ್ದೇಶ. ಸಮವಸ್ತ್ರದ್ದೇ ಬಣ್ಣದ ಒಂದು ಶಿರವಸ್ತ್ರದಿಂದ ಆ ಉದ್ದೇಶ ಕೆಡುವುದಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಗುರುತು ಹಚ್ಚಲು ಮುಖ ತೋರಿಸಬೇಕೆಂಬುದು ನ್ಯಾಯವಾದ ನಿಯಮ. ಅದನ್ನು ಮಹಿಳಾ ಸಿಬ್ಬಂದಿಯ ಮೂಲಕ ಸೌಜನ್ಯದಿಂದ ಪಾಲಿಸಬಹುದು. ಹಠಕ್ಕೆ ಹಠವಾಗಿ ಕೇಸರಿ ಶಾಲು ಹೊದ್ದು ಬಂದ ಹುಡುಗರ ಗದ್ದಲವನ್ನು ಶಿಸ್ತಿನ ಕ್ರಮದಿಂದ ಅಡಗಿಸಬೇಕಿತ್ತು. ಗದ್ದಲದ ಬೆಲೆಯನ್ನು ಓದಲು ಬಂದವಳಿಂದ ವಸೂಲು ಮಾಡಬಾರದಿತ್ತು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೊರೆಸಿದ ಶಾಸನ, ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎನ್ನುತ್ತದೆ. ಗುರುವಿಗೆ ಆ ಗೌರವ ಸಲ್ಲುವುದು ಆತ ಕಲಿಸುವವನಾದ್ದರಿಂದ. 2022ರಲ್ಲಿ ನಾವು ಗುರುಗಳನ್ನು ಕಾಲೇಜಿನ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದೆವು. ಶಿರವಸ್ತ್ರ ಧರಿಸಬೇಕೋ ಬೇಡವೋ ಎಂಬುದನ್ನು ಓದಿದ ಹೆಣ್ಣುಮಗಳು ನಾಳೆ ತಾನೇ ನಿರ್ಧರಿಸಿಯಾಳು. ಆ ನಿರ್ಧಾರಕ್ಕೆ ಬೇಕಾದ ಧೈರ್ಯ, ಸಂಪಾದನೆ, ತಿಳಿವಳಿಕೆ ಮೂರೂ ದೊರೆಯುವುದು ತರಗತಿಯ ಒಳಗೆ. ಆದ್ದರಿಂದ ಕಾನೂನು ತೊಡುವಂತೆಯೋ ತೆಗೆಯುವಂತೆಯೋ ಅವಳನ್ನು ಬೆದರಿಸುವವರನ್ನು ಹಿಡಿಯಲಿ. ಅವಳನ್ನು ಒಳಗೆ ಬಿಡಲಿ.