ಕಣ್ಣು ತಗ್ಗಿಸಿದವನೆಲ್ಲ ಕಳ್ಳನಲ್ಲ

ನನ್ನ ಹಳೆಯ ಶಿಷ್ಯನೊಬ್ಬ ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ನೌಕರರನ್ನು ಆಯ್ಕೆ ಮಾಡುವ ಅಧಿಕಾರಿ. ಮೊನ್ನೆ ಅವನು ಬಹಳ ಉತ್ಸಾಹದಿಂದ ಒಂದು ಪಟ್ಟಿಯನ್ನು ಕಳುಹಿಸಿದ್ದ. ಕಣ್ಣು ತಪ್ಪಿಸುವವನು, ಮೂಗು ಸವರಿಕೊಳ್ಳುವವನು, ಕೈಕಟ್ಟಿ ಕೂರುವವನು ಇವರೆಲ್ಲ ಸುಳ್ಳುಗಾರರಂತೆ! ಸಂದರ್ಶನಕ್ಕೆ ಬಂದವರನ್ನು ತಾನು ಇದರಿಂದಲೇ ಅಳೆಯುವುದಾಗಿಯೂ ಬರೆದಿದ್ದ. ಕೈಕಟ್ಟಿ ಕುಳಿತುಕೊಳ್ಳಬೇಕೆಂದು ಅವನಿಗೆ ಕಲಿಸಿದವನೇ ನಾನು.

ಈ ಆಂಗಿಕ ಭಾಷೆಯ ಪಾಂಡಿತ್ಯ ಶುದ್ಧ ಕಣಿ ಹೇಳುವ ವಿದ್ಯೆ. ಬಾಂಡ್ ಮತ್ತು ಡಿಪೌಲೊ ಎಂಬ ಮನೋವಿಜ್ಞಾನಿಗಳು ಅದುವರೆಗಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಜನರು ಸತ್ಯ ಸುಳ್ಳುಗಳನ್ನು ಸರಿಯಾಗಿ ಗುರುತಿಸುವುದು ನೂರಕ್ಕೆ ಸುಮಾರು 54 ಸಲ. ನಾಣ್ಯ ಚಿಮ್ಮಿದರೆ 50! ಪೊಲೀಸರು, ನ್ಯಾಯಾಧೀಶರು ಮುಂತಾದ ಅನುಭವಿಗಳೂ ಸಾಮಾನ್ಯರಿಗಿಂತ ಮೇಲೇನೂ ಇರಲಿಲ್ಲ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಸಂಶಯಾಸ್ಪದರನ್ನು ಹಿಡಿಯಲು 2007ರಿಂದ ಸುಮಾರು 90 ಕೋಟಿ ಡಾಲರ್ ವೆಚ್ಚ ಮಾಡಿದರು. ಇದಕ್ಕೆ ತಕ್ಕ ಆಧಾರವಿಲ್ಲ, ಹಣವನ್ನು ಮಿತಗೊಳಿಸಿ ಎಂದು 2013ರಲ್ಲಿ ಅಲ್ಲಿನ ಸರ್ಕಾರದ ಲೆಕ್ಕಪರಿಶೋಧಕರೇ ಹೇಳಬೇಕಾಯಿತು.

ನಮ್ಮ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಸುಳ್ಳುಪತ್ತೆ ಯಂತ್ರಕ್ಕೆ ಒಡ್ಡಬಾರದೆಂದು ತೀರ್ಪಿತ್ತಿತು. ಯಂತ್ರಕ್ಕೆ ಅಂಕುಶವುಂಟು, ಸಂದರ್ಶಕನ ಕಣ್ಣಿಗೆ ಯಾವ ಅಂಕುಶವೂ ಇಲ್ಲ.

ನನ್ನ ಕಣ್ಣಿಗೂ ಇರಲಿಲ್ಲ. ಒಮ್ಮೆ ಪರೀಕ್ಷಾ ಶುಲ್ಕದ ಹಣದಲ್ಲಿ ಎರಡು ನೋಟು ಕಡಿಮೆ ಬಂದವು. ತರಗತಿಯಲ್ಲಿ ವಿಚಾರಿಸಿದಾಗ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ತೊದಲಿದ. "ನನ್ನ ಕಣ್ಣು ನೋಡಿ ಹೇಳು" ಎಂದು ಗದರಿದೆ. ಅವನು ತಲೆ ಎತ್ತಲಿಲ್ಲ. ಅಷ್ಟೇ ಸಾಕಾಯಿತು ನನಗೆ! ಸಂಜೆಯ ಗಂಟೆ ಹೊಡೆಯುವವರೆಗೂ ಅವನನ್ನು ಜಗಲಿಯಲ್ಲಿ, ಹೋಗಿಬರುವವರೆಲ್ಲ ನೋಡುವಂತೆ ನಿಲ್ಲಿಸಿದೆ. ರಾತ್ರಿ ಮನೆಯಲ್ಲಿ ಹಾಜರಿ ಪುಸ್ತಕ ಬಿಡಿಸಿದರೆ, ಅದರ ರಟ್ಟಿಗೂ ಹೊದಿಕೆಯ ಕಾಗದಕ್ಕೂ ನಡುವೆ ಎರಡೂ ನೋಟುಗಳು ಸುಖವಾಗಿ ಮಲಗಿದ್ದವು.

ಮರುದಿನ ಎಲ್ಲರೆದುರಿಗೆ ತಪ್ಪು ನನ್ನದೆಂದು ಹೇಳಿದೆ. ಆಗಲೂ ಅವನು ತಲೆ ತಗ್ಗಿಸಿಯೇ ನಿಂತಿದ್ದ. ಹಿರಿಯರ ಮುಖಕ್ಕೆ ಮುಖ ಕೊಟ್ಟು ಮಾತನಾಡಬಾರದೆಂದು ಮನೆಯಲ್ಲಿ ಹೇಳಿಕೊಟ್ಟಿದ್ದರಂತೆ. ಅವನ ತಾಯಿಯೇ ಅನಂತರ ತಿಳಿಸಿದರು. ಆಕೆ ನನ್ನ ಮೇಲೆ ಒಂದು ಕಟುಮಾತನ್ನೂ ಆಡಲಿಲ್ಲ.

ಆದ್ದರಿಂದ ಪಟ್ಟಿ ಕಳುಹಿಸಿದ ಶಿಷ್ಯನೇ, ನಿನ್ನೆದುರು ಹಳ್ಳಿಯ ಹುಡುಗನೊಬ್ಬ ಕೈಕಟ್ಟಿ, ಕಣ್ಣು ತಗ್ಗಿಸಿ ಕುಳಿತರೆ ಅವನ ಅಂಕಪಟ್ಟಿ ನೋಡು, ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸು, ಒಂದು ಕೆಲಸ ಕೊಟ್ಟು ಮಾಡಿಸಿ ನೋಡು. ಆ ಪಟ್ಟಿಯನ್ನು ಇಂದೇ ಅಳಿಸಿಬಿಡು.