ಕೊನೆಯ ಮಾತು ಹಿರಿಯರದೇ ಆಗಲಿ

ಮನೆ ಯಾರಿಗೆ, ಜಮೀನು ಯಾರಿಗೆ ಎಂದು ಉಯಿಲು ಬರೆದಿಡುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತಮ್ಮ ಕೊನೆಯ ದಿನಗಳು ಹೇಗಿರಬೇಕೆಂದು ಬರೆದಿಟ್ಟವರು ವಿರಳ. ಆ ವಿಷಯ ಎತ್ತಿದರೆ ಸಾಕು, ಮಕ್ಕಳು ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಅದರ ಹಿಂದಿರುವುದು ಪ್ರೀತಿಯೇ. ಆದರೆ ಅಂದು ತಡೆದ ಮಾತು ಮುಂದೊಂದು ದಿನ ಐಸಿಯು ಬಾಗಿಲಲ್ಲಿ ಎದುರಾಗುತ್ತದೆ: ವೆಂಟಿಲೇಟರ್ ಹಾಕಬೇಕೇ, ಬೇಡವೇ? ಉತ್ತರ ಹೇಳಬೇಕಾದವರಿಗೆ ಆಗ ಪ್ರಜ್ಞೆ ಇರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಕುಟುಂಬಗಳಿಗಿಂತ ಮುಂದೆ ಸಾಗಿದೆ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಮಾರ್ಚ್ 9ರಂದು ಹೇಳಿ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ‘ಮುಂಗಡ ವೈದ್ಯಕೀಯ ನಿರ್ದೇಶನ’ಕ್ಕೆ ಮಾನ್ಯತೆ ಕೊಟ್ಟಿತು. ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿದ್ದುದರಿಂದ ಜನರಿಗೆ ಕಷ್ಟವಾಯಿತು. 2023ರ ಜನವರಿಯಲ್ಲಿ ಕೋರ್ಟು ಆ ಷರತ್ತು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಬರೆದವರು ಬೇಕೆಂದಾಗ ಅದನ್ನು ರದ್ದು ಮಾಡಲೂಬಹುದು. ಈ ತೀರ್ಪನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ಎರಡು ದಶಕ ಹೋರಾಡಿದವರು.

ಇದು ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವ ವ್ಯವಸ್ಥೆಯಲ್ಲ. ಗುಣವಾಗುವ ಭರವಸೆಯೇ ಇಲ್ಲದಾಗ, ಸಾವನ್ನು ಮುಂದೂಡುವುದಷ್ಟೇ ಮಾಡುವ ಚಿಕಿತ್ಸೆಯನ್ನು ನಿಲ್ಲಿಸುವ ಅವಕಾಶ. ಅದಕ್ಕೂ ಆಸ್ಪತ್ರೆಯ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಎರಡನೆಯದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ನೇಮಿಸಿದ ವೈದ್ಯರೊಬ್ಬರು ಇರಬೇಕು. ಆಸ್ತಿಯಾಸೆಗೆ ಯಾರಾದರೂ ಇದನ್ನು ದುರುಪಯೋಗ ಮಾಡಿಕೊಂಡಾರು ಎಂಬ ಭಯ ಸಹಜವೇ. ಇಷ್ಟು ಬಿಗಿ ಇಟ್ಟಿರುವುದೂ ಆ ಭಯದಿಂದಲೇ.

ಆದರೆ ಆದೇಶ ಹೊರಡಿಸಿದಲ್ಲಿಗೆ ಸರ್ಕಾರದ ಕೆಲಸ ಮುಗಿಯುವುದಿಲ್ಲ. ಸರಳ ಕನ್ನಡದ ನಮೂನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೈಗೆ ಸಿಗಬೇಕು, ತುಂಬಿಸಲು ನೆರವಾಗುವವರೂ ಅಲ್ಲಿರಬೇಕು. ನಿರ್ದೇಶನದ ಪ್ರತಿಯನ್ನು ಪಂಚಾಯಿತಿ ಅಥವಾ ನಗರಸಭೆಯ ಯಾವ ಅಧಿಕಾರಿಗೆ ಒಪ್ಪಿಸಬೇಕೆಂಬುದು ಹಳ್ಳಿಯ ಅಜ್ಜಿಗೂ ತಿಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವೆಂಟಿಲೇಟರ್ ಬೇಡವೆಂದವರನ್ನು ನರಳಲು ಬಿಡಬಾರದು. ಮಾದಕದ್ರವ್ಯ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದದ್ದೇ ನೋವಿನಲ್ಲಿರುವವರಿಗೆ ಮಾರ್ಫಿನ್ ಸುಲಭವಾಗಿ ಸಿಗಲೆಂದು. ನೋವು ಶಮನದ ಆರೈಕೆ ಜಿಲ್ಲಾ ಕೇಂದ್ರಗಳಾಚೆಗೂ ತಲುಪದಿದ್ದರೆ ಈ ಹಕ್ಕು ಉಳ್ಳವರ ಪಾಲಿನದಾಗಿಯೇ ಉಳಿದೀತು.

ಉಳಿದ ಕೆಲಸ ಮನೆಯದು. ‘ಅಪ್ಪನಿಗೆ ಏನು ಬೇಕಿತ್ತೋ, ನಾವು ಮಾಡಿದ್ದು ಸರಿಯೋ ತಪ್ಪೋ’ ಎಂಬ ಕೊರಗನ್ನು ವರ್ಷಗಟ್ಟಲೆ ಹೊತ್ತು ತಿರುಗುವ ಮಕ್ಕಳಿದ್ದಾರೆ. ಹಿರಿಯರು ಬರೆದಿಟ್ಟ ಒಂದು ಪುಟ ಅವರನ್ನು ಆ ಕೊರಗಿನಿಂದ ಬಿಡಿಸಬಲ್ಲದು. ಹೊಲ-ಮನೆಯಷ್ಟೇ ಬೆಲೆಯುಳ್ಳ ಆಸ್ತಿ ಅದು. ಕೈಕಾಲು ಗಟ್ಟಿಯಿರುವಾಗಲೇ, ಬುದ್ಧಿ ನೆಟ್ಟಗಿರುವಾಗಲೇ ಹಿರಿಯರು ಅದನ್ನು ಬರೆಯಲಿ. ಮಕ್ಕಳು ಬಿಡ್ತು ಎನ್ನದೆ, ಹತ್ತಿರ ಕೂತು ಕೇಳಲಿ.